ಕಲ್ಯಾಣದ ನೆಲದಲ್ಲಿ ಬಾಲಚರರ ಕೈಗೆಲಸ

(ಬಸವಕಲ್ಯಾಣ, ಹುಮನಾಬಾದ ಭಾಗದ ಉಪಾಧ್ಯಾಯರನ್ನೂ ಬಾಲಚರ ದಳಗಳ ನಾಯಕರನ್ನೂ ಕುರಿತು ಮಾಡಿದ ಭಾಷಣ)



ಬಾಲಚರರೆಂದೊಡನೆ ನಮ್ಮ ಊರುಗಳ ಜನರ ಕಣ್ಣಮುಂದೆ ನಿಲ್ಲುವ ಚಿತ್ರ ಯಾವುದು? ಕೊರಳಿಗೆ ಬಣ್ಣದ ವಸ್ತ್ರವನ್ನು ಕಟ್ಟಿ, ಬರಲಿರುವ ದೊಡ್ಡವರೊಬ್ಬರ ದಾರಿಯನ್ನು ಕಾಯುತ್ತ, ಬಿಸಿಲಿನಲ್ಲಿ ಸಾಲಾಗಿ ನಿಂತ ಹುಡುಗರ ಚಿತ್ರ. ಶಿಸ್ತು ಬೇಡವೆಂದು ನಾವು ಹೇಳುವವರಲ್ಲ. ಆದರೆ ಸಾಲಿನಲ್ಲಿ ನಿಲ್ಲುವುದಷ್ಟನ್ನೇ ಕಲಿತ ಹುಡುಗನು ಬಾಲಚರನಾಗಲಾರನು. ಒಂದು ಗೂಟವನ್ನು ತಾನೇ ಕೆತ್ತಿ, ಒಂದು ಹಗ್ಗವನ್ನು ತಾನೇ ಬಿಗಿದು, ಅವುಗಳ ನಂಬಿಕೆಯ ಮೇಲೆ ಬಯಲಿನಲ್ಲಿ ಒಂದು ರಾತ್ರಿಯನ್ನು ಕಳೆದವನೇ ಬಾಲಚರನು. ಇಂದು ನಾವು ತಮ್ಮ ಮುಂದಿಡಬೇಕೆಂದಿರುವುದು ಇದೊಂದೇ ಮಾತು: ಈ ವಿದ್ಯೆಯ ಉಸಿರು ಕೈಗೆಲಸದಲ್ಲಿದೆ, ಆ ಕೈಗೆಲಸಕ್ಕೆ ಕಲ್ಯಾಣದಂಥ ತಕ್ಕ ನೆಲ ದೊರೆಯುವುದು ದುರ್ಲಭ.

ಚಳವಳಿಯ ಚರಿತ್ರೆಯನ್ನು ತಾವು ಬಲ್ಲಿರಿ; ಸಂಕ್ಷೇಪವಾಗಿ ನೆನೆದರೆ ಸಾಕು. 1907ರ ಆಗಸ್ಟಿನಲ್ಲಿ ಬೇಡನ್ ಪೊವೆಲ್ಲನು ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಸುಮಾರು ಇಪ್ಪತ್ತು ಹುಡುಗರ ಶಿಬಿರವನ್ನು ನಡೆಯಿಸಿದನು. ಸಿರಿವಂತರ ಶಾಲೆಗಳ ಹುಡುಗರೂ ದುಡಿಯುವವರ ಮನೆಯ ಹುಡುಗರೂ ಅಲ್ಲಿ ಒಂದೇ ಬೆಂಕಿಯ ಸುತ್ತ ಕುಳಿತರು. ಎರಡೇ ವರ್ಷಗಳಲ್ಲಿ, ಎಂದರೆ 1909ರಲ್ಲಿ, ಭಾರತದ ಮೊದಲ ದಳವು ನಮ್ಮ ಬೆಂಗಳೂರಿನಲ್ಲಿಯೇ ಹುಟ್ಟಿತು. ಆದರೆ ಆ ಕಾಲದ ದಳಗಳು ಯುರೋಪಿಯನರ ಮತ್ತು ಆಂಗ್ಲೋ ಇಂಡಿಯನರ ಮಕ್ಕಳಿಗಾಗಿಯೇ ಇದ್ದವು. ಆ ಬಾಗಿಲನ್ನು ಭಾರತೀಯ ಬಾಲಕರಿಗೆ ತೆರೆಯಲು ಆನಿ ಬೆಸೆಂಟ್ ಮೊದಲಾದವರು ಹೆಣಗಬೇಕಾಯಿತು. ಬೇರೆಬೇರೆಯಾಗಿದ್ದ ಸಂಸ್ಥೆಗಳು 1950ರ ನವೆಂಬರ್ 7ರಂದು ಒಂದುಗೂಡಿ ಭಾರತ ಸ್ಕೌಟ್ಸ್ ಮತ್ತು ಗೈಡ್ಸ್ ಸಂಸ್ಥೆಯಾದವು.

ಸಂಸ್ಥೆಯು ಹೊರಗಿನಿಂದ ಬಂದಿತು, ನಿಜ. ಆದರೆ ಅದು ಕಲಿಸುವ ಕೆಲಸವು ಹೊರಗಿನದೆ? ಇಲ್ಲಿಯೇ ನಮ್ಮ ಕಲ್ಯಾಣವನ್ನು ನೆನೆಯಬೇಕು. ಹನ್ನೊಂದನೆಯ ಶತಮಾನದಲ್ಲಿ ಚಾಲುಕ್ಯ ಸೋಮೇಶ್ವರನು ಇದನ್ನು ರಾಜಧಾನಿಯಾಗಿ ಮಾಡಿದನು. ಆದರೆ ಕಲ್ಯಾಣದ ಹೆಸರು ಇಂದಿಗೂ ಮನೆಮನೆಯಲ್ಲಿ ಉಳಿದಿರುವುದು ಅರಸರಿಂದಲ್ಲ, ಹನ್ನೆರಡನೆಯ ಶತಮಾನದ ಕಾಯಕಜೀವಿಗಳಿಂದ. ಮೋಳಿಗೆ ಮಾರಯ್ಯನು ಕಾಡಿನಿಂದ ಕಟ್ಟಿಗೆಯ ಹೊರೆಯನ್ನು ಹೊತ್ತು ತಂದು ಮಾರಿ ಬದುಕಿದವನು. ನುಲಿಯ ಚಂದಯ್ಯನು ಕೆರೆಯ ದಡದ ಹುಲ್ಲನ್ನು ಕೊಯ್ದು ಹಗ್ಗ ಹೊಸೆದವನು. ಹುಲ್ಲು ಕೊಯ್ಯುವಾಗ ಕೊರಳಿನ ಲಿಂಗವು ಜಾರಿ ನೀರಿಗೆ ಬಿದ್ದರೂ ಆತನು ಕಾಯಕವನ್ನು ಬಿಡದೆ ಹೊರೆಯನ್ನು ಹೊತ್ತು ನಡೆದನೆಂಬ ಕಥೆಯನ್ನು ತಾವೆಲ್ಲ ಕೇಳಿದ್ದೀರಿ. ಬಾಚಿಕಾಯಕದ ಬಸವಯ್ಯನ ಹೆಸರಿನಲ್ಲಿಯೇ ಬಡಗಿಯ ಹತಾರವಿದೆ. ಆತನ ಮಡದಿ ಕಾಳವ್ವೆಯೂ ವಚನಗಳನ್ನು ನುಡಿದವಳು.

ಕಟ್ಟಿಗೆ, ಹಗ್ಗ, ಬಾಚಿ! ಬಾಲಚರರ ಶಿಬಿರಕ್ಕೆ ಬೇಕಾದ ಮೂಲವಸ್ತುಗಳು ಈ ಮೂರೇ ಅಲ್ಲವೆ? ಇವುಗಳನ್ನು ಹಿಡಿದ ಕೈಗಳಿಗೆ ಅನುಭವದ ಗೋಷ್ಠಿಯಲ್ಲಿ ಸಮಾನವಾದ ಸ್ಥಾನವಿದ್ದ ಊರು ಇದು. ಇಂಥ ಊರಿನ ಮಕ್ಕಳು ಉಳಿಯನ್ನು ಹಿಡಿಯಲರಿಯದೆ ಬೆಳೆದರೆ ಅದು ನಮಗೆ ಶೋಭೆಯಲ್ಲ.

ಇನ್ನು ಕಾರ್ಯಕ್ರಮದ ಮಾತು. ಹತ್ತು ವರ್ಷ ದಾಟಿದ ಮಕ್ಕಳನ್ನು ಆರರಿಂದ ಎಂಟು ಮಂದಿಯ ಗಣಗಳನ್ನಾಗಿ ಮಾಡಿ, ನಾಲ್ಕು ಮೆಟ್ಟಿಲುಗಳಲ್ಲಿ ಕಲಿಸಬಹುದೆಂದು ನಮ್ಮ ಸೂಚನೆ.

ಮೊದಲನೆಯದು ಮರವನ್ನರಿಯುವುದು. ರವಿವಾರ ಬೆಳಿಗ್ಗೆ ಮಕ್ಕಳನ್ನು ತ್ರಿಪುರಾಂತಕ ಕೆರೆಯ ಕಡೆಗಾಗಲಿ, ಹುಮನಾಬಾದಿನವರು ಹೊಲಗಳ ಬದುಗಳಿಗಾಗಲಿ ನಡೆಸಿಕೊಂಡು ಹೋಗಿರಿ. ಜಾಲಿಯು ಗಟ್ಟಿ, ಬಂಡಿಯ ಗಾಲಿಗೂ ನೇಗಿಲಿಗೂ ಅದನ್ನೇ ಏಕೆ ಆರಿಸಿದರೆಂದು ಕೇಳಿರಿ. ಹುಣಸೆಯ ಕೊರಡು ಏಟಿಗೆ ಸುಲಭವಾಗಿ ಸೀಳದು. ಕೊಡತಿಗೆ ಅದು ಒಳ್ಳೆಯದು. ಆಲದ ಮರವು ಮೆದುವಾದರೂ ಅದರ ಬಿಳಲು ಬಲವಾದುದು, ಡೇರೆಯ ಕಂಬಕ್ಕೂ ಆದೀತು. ಮರದ ಎತ್ತರವನ್ನು ಹತ್ತದೆಯೇ ಅಳೆಯುವ ಬಗೆಯನ್ನು ಅಲ್ಲಿಯೇ ತೋರಿಸಿರಿ: ಐದು ಅಡಿಯ ಕೋಲನ್ನು ನೆಟ್ಟಗೆ ನಿಲ್ಲಿಸಿದಾಗ ಅದರ ನೆರಳು ನಾಲ್ಕು ಅಡಿ, ಅದೇ ಗಳಿಗೆಯಲ್ಲಿ ಬೇವಿನ ಮರದ ನೆರಳು 32 ಅಡಿ, ಹಾಗಾದರೆ ಮರದ ಎತ್ತರ 40 ಅಡಿ. ಹಲಗೆಯ ಮೇಲೆ ಬೇಸರ ತರುವ ತ್ರೈರಾಶಿಯು ಬೇವಿನ ಬುಡದಲ್ಲಿ ಆಟವಾಗುತ್ತದೆ. ಒಂದು ಕಟ್ಟಳೆಯನ್ನು ಮಾತ್ರ ಬಿಡಬಾರದು. ನಮ್ಮ ಭಾಗದಲ್ಲಿ ಅಡವಿ ವಿರಳ. ಆದುದರಿಂದ ಜೀವಂತವಾದ ಮರಕ್ಕೆ ಕೊಡಲಿ ಮುಟ್ಟಕೂಡದು. ಬಿದ್ದ ಟೊಂಗೆ, ಸವರಿದ ಕೊಂಬೆಗಳನ್ನು, ಅವೂ ಹೊಲದ ಒಡೆಯನ ಅಪ್ಪಣೆ ಪಡೆದು, ತರಬೇಕು.

ಎರಡನೆಯದು ಗೂಟ. ಕೇಳಲು ಅಲ್ಪವೆನಿಸುತ್ತದೆ; ಆದರೆ ಹತಾರದ ನೀತಿಯೆಲ್ಲ ಇದರಲ್ಲಿ ಅಡಗಿದೆ. ಗೇಣುದ್ದದ ಜಾಲಿಯ ತುಂಡು; ಒಂದು ತುದಿ ಚೂಪು; ತಲೆಯಿಂದ ಎರಡು ಬೆರಳು ಕೆಳಗೆ ಹಗ್ಗ ಸಿಕ್ಕಿಕೊಳ್ಳುವಂತೆ ಒಂದು ಕಚ್ಚು. ಕೆತ್ತುವಾಗ ಅಲಗು ಮೈಯಿಂದ ಆಚೆಗೆ ಹೋಗಬೇಕು. ತುಂಡನ್ನು ಕೊರಡಿನ ಮೇಲಿಟ್ಟೇ ಕಡಿಯಬೇಕು, ಕೈಯಲ್ಲಿ ಹಿಡಿದು ಅಲ್ಲ. ಕೊಡಲಿಯನ್ನು ಹಿಡಿದು ಕೈ ಚಾಚಿ ಸುತ್ತಿದರೆ ಎಷ್ಟು ದೂರ ಮುಟ್ಟುವುದೋ ಅಷ್ಟರೊಳಗೆ ಮತ್ತೊಬ್ಬರು ನಿಲ್ಲಬಾರದು. ಚಾಕುವನ್ನು ಇನ್ನೊಬ್ಬನಿಗೆ ಕೊಡುವಾಗ ಹಿಡಿಕೆಯು ಆತನ ಕಡೆಗಿರಬೇಕು. ಗೂಟವನ್ನು ಹೊಡೆಯುವಾಗ ಅದರ ತಲೆಯು ಡೇರೆಯಿಂದ ಆಚೆಗೆ ವಾಲಿರಬೇಕು. ಈಚೆಗೆ ವಾಲಿದರೆ ಮೊದಲ ಗಾಳಿಗೇ ಹಗ್ಗ ಕಳಚೀತು. ಆಗ ಗದರಿಸುವ ಕೆಲಸ ಉಪಾಧ್ಯಾಯನಿಗಿಲ್ಲ. ಬಿದ್ದ ಡೇರೆಯೇ ಪಾಠ ಹೇಳುತ್ತದೆ.

ಮೂರನೆಯದು ಕಟ್ಟು. ಒಂದೂ ಮೊಳೆಯಿಲ್ಲದೆ ಬಿದಿರಿನ ಗಳುಗಳಿಂದ ಮುಖ ತೊಳೆಯುವ ಬೋಗುಣಿಗೆ ನಿಲುವನ್ನೂ, ಪಾತ್ರೆಗಳಿಗೆ ಅಟ್ಟಣಿಗೆಯನ್ನೂ ಮಾಡಬಹುದು. ನಿಂತ ಗಳುವಿಗೆ ಮೊದಲು ಗಂಟು ಹಾಕಿ, ಅಡ್ಡಗಳುವನ್ನು ಅದಕ್ಕೆ ಒತ್ತಿ ಹಿಡಿದು, ಎರಡನ್ನೂ ಬಳಸುವಂತೆ ಮೂರು ಸುತ್ತು ಹಗ್ಗವನ್ನು ಸುತ್ತಬೇಕು. ಅನಂತರ ಎರಡು ಗಳುಗಳ ನಡುವೆ ತೂರಿಸಿ, ಸುತ್ತಿದ ಹಗ್ಗವನ್ನೇ ಹಿಂಡುವಂತೆ ಎರಡು ಸಲ ಎಳೆದು ಬಿಗಿದು, ಅಡ್ಡಗಳುವಿಗೆ ಗಂಟು ಹಾಕಿ ಮುಗಿಸಬೇಕು. ಕಟ್ಟಿನ ಬಲವೆಲ್ಲ ಈ ನಡುವಿನ ಬಿಗಿತದಲ್ಲಿದೆ. ಇದು ಒಬ್ಬನಿಂದಾಗುವ ಕೆಲಸವಲ್ಲ. ಒಬ್ಬನು ಹಿಡಿಯಬೇಕು, ಒಬ್ಬನು ಎಳೆಯಬೇಕು. ಆಗ ಯಾರ ಮನೆಯ ಹುಡುಗನೆಂದು ಹಗ್ಗವು ಕೇಳುವುದಿಲ್ಲ.

ನಾಲ್ಕನೆಯದು ಜೋಡಣೆ. ಒಂದು ತುಂಡಿನಲ್ಲಿ ಚೌಕಾದ ಕುಳಿಯನ್ನು ತೋಡಿ, ಇನ್ನೊಂದರ ತುದಿಯನ್ನು ನಾಲಗೆಯಂತೆ ಕೆತ್ತಿ, ಬೆಣೆ ಬಡಿದು ಕೂಡಿಸಿದ ಒಂದು ಕಾಲ್ಮಣೆ. ಮಳೆಗಾಲದಲ್ಲಿ ಮನೆಯ ಬಾಗಿಲು ಬಿಗಿಯುವುದೇಕೆಂಬುದು ಆಗ ಮಕ್ಕಳಿಗೆ ತಿಳಿಯುತ್ತದೆ: ಮರವು ತೇವವನ್ನು ಕುಡಿದು ಎಳೆಗೆ ಅಡ್ಡವಾಗಿ ಉಬ್ಬುತ್ತದೆ, ಉದ್ದಕ್ಕೆ ಉಬ್ಬುವುದು ಅತ್ಯಲ್ಪ. ಹುಮನಾಬಾದಿನ ವೀರಭದ್ರೇಶ್ವರನ ತೇರನ್ನು ಜಾತ್ರೆಯಲ್ಲಿ ಎಲ್ಲರೂ ಕಂಡವರೇ. ಜಾತ್ರೆ ಮುಗಿದ ಮೇಲೆ ಒಮ್ಮೆ ಮಕ್ಕಳನ್ನು ಅದರ ಬಳಿಗೆ ಕರೆದೊಯ್ದು, ಅಷ್ಟು ಭಾರವನ್ನು ಹೊತ್ತ ಗಾಲಿಗಳನ್ನೂ ಅಚ್ಚನ್ನೂ ಬಡಗಿಯ ಕಣ್ಣಿನಿಂದ ನೋಡಲು ಹೇಳಿರಿ.

ಈ ನಾಲ್ಕನೆಯ ಮೆಟ್ಟಿಲಿಗೆ ಗುರು ಯಾರು? ತರಬೇತಿ ಪಡೆದ ನಾಯಕನು ಗಂಟುಗಳನ್ನು ಕಲಿಸಿಯಾನು. ಕುಳಿ ತೋಡುವುದನ್ನು ಕಲಿಸಬೇಕಾದವನು ಊರಿನ ಬಡಗಿ. ಮುರಿದ ಬಾಗಿಲನ್ನು ಸರಿಪಡಿಸಲು ಶಾಲೆಯ ಹಿತ್ತಿಲಿನಿಂದ ಬಂದು ಹೋಗುವ ಆತನನ್ನು ಮುಂಬಾಗಿಲಿನಿಂದ ಕರೆತಂದು, ಕುರ್ಚಿ ಕೊಟ್ಟು, ‘ಗುರುಗಳೇ’ ಎಂದು ಮಕ್ಕಳಿಂದ ಕರೆಯಿಸಿರಿ. ಈ ಒಂದು ಕುರ್ಚಿಯು ನೂರು ಉಪನ್ಯಾಸಗಳಿಗಿಂತ ಹೆಚ್ಚಿನ ಕೆಲಸವನ್ನು ಮಾಡೀತು. ಬಾಚಿಯು ಒಂದು ಜಾತಿಯ ಸೊತ್ತು, ಪುಸ್ತಕವು ಇನ್ನೊಂದರ ಸೊತ್ತು ಎಂಬ ಕೀಳರಿಮೆಯ ಗೋಡೆಯನ್ನು ಶರಣರು ಒಡೆದರು; ಅದನ್ನು ನಾವು ಮತ್ತೆ ಕಟ್ಟಿಕೊಂಡಿದ್ದೇವೆ. ಎಲ್ಲ ಮನೆಗಳ ಮಕ್ಕಳೂ ಒಂದೇ ಉಳಿಯನ್ನು ಸರದಿಯಂತೆ ಹಿಡಿದಾಗ ಆ ಗೋಡೆಯು ಸದ್ದಿಲ್ಲದೆ ಬಿರುಕು ಬಿಡುತ್ತದೆ. ಬಾಲಿಕೆಯರನ್ನು ಇದರಿಂದ ಹೊರಗಿಡುವುದೂ ಸಲ್ಲದು. ಗೈಡುಗಳ ಕೈಯಲ್ಲಿಯೂ ಗರಗಸವಿರಲಿ.

ಇನ್ನೊಂದು ಲಾಭವುಂಟು. ಕನ್ನಡ, ಮರಾಠಿ, ಉರ್ದು, ತೆಲುಗು ನುಡಿಗಳು ಕೂಡಿ ಬಾಳುವ ಸೀಮೆ ನಮ್ಮದು. 1956ರ ವರೆಗೆ ಹೈದರಾಬಾದ ರಾಜ್ಯದಲ್ಲಿದ್ದ ಈ ಭಾಗದಲ್ಲಿ ಕನ್ನಡದ ಓದು ಹಿಂದುಳಿದುದನ್ನು ಹಿರಿಯರು ಬಲ್ಲರು. ಕೀಸುಳಿಗೆ ರಂದಾ ಎಂದೂ, ಬೈರಿಗೆಗೆ ಬರ್ಮಾ ಎಂದೂ ಹೇಳುವುದುಂಟು. ಇದರಲ್ಲಿ ಜಗಳವೇನೂ ಇಲ್ಲ. ಮಕ್ಕಳು ಎರಡು ಹೆಸರುಗಳನ್ನೂ ಬರೆದುಕೊಳ್ಳಲಿ. ಆದರೆ ಕೀಸುಳಿಯನ್ನು ಕೈಯಲ್ಲಿ ಹಿಡಿಯದ ಮಗುವಿಗೆ ಕೀಸುಳಿಯೆಂಬ ಮಾತು ಎಲ್ಲಿಂದ ಬಂದೀತು? ಕೈ ಬಿಟ್ಟ ಕೆಲಸದೊಡನೆ ನುಡಿಯೂ ಬಿಟ್ಟುಹೋಗುತ್ತದೆ. ಪ್ರತಿಯೊಂದು ದಳವೂ ತನ್ನ ಊರಿನ ಬಡಗಿಯ ಬಾಯಿಂದ ಹತಾರಗಳ ಹೆಸರುಗಳನ್ನು ಕೇಳಿ ಬರೆದಿಟ್ಟರೆ ಅದು ಕನ್ನಡಕ್ಕೆ ನಿಜವಾದ ಸೇವೆಯಾದೀತು.

ಗಾಯವಾದರೇನು ಗತಿಯೆಂದು ತಾಯಂದಿರು ಕೇಳುವರು. ಕ್ರಮವನ್ನು ಕಲಿಸದೆ ಬಚ್ಚಿಟ್ಟ ಚಾಕುವು ಕ್ರಮವನ್ನು ಕಲಿಸಿ ಕೊಟ್ಟ ಚಾಕುವಿಗಿಂತ ಅಪಾಯಕರವೆಂಬುದು ನಮ್ಮ ಉತ್ತರ. ಆದರೂ ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯಿಲ್ಲದೆ ಕೆಲಸವನ್ನು ಆರಂಭಿಸಬಾರದು. ಪರೀಕ್ಷೆಯ ಅಂಕಗಳು ಕಡಿಮೆಯಾಗುವುವೆಂದು ಮುಖ್ಯೋಪಾಧ್ಯಾಯರು ಅಂಜುವರು. ಫಿನ್ಲೆಂಡ್ ದೇಶವು 1866ರಲ್ಲಿಯೇ ಕೈಗೆಲಸವನ್ನು ಜನಸಾಮಾನ್ಯರ ಶಾಲೆಗಳಲ್ಲಿ ಕಡ್ಡಾಯಗೊಳಿಸಿತು. ಗಾಂಧೀಜಿಯವರು 1937ರಲ್ಲಿ ವಾರ್ಧಾದಲ್ಲಿ ಕಸುಬಿನ ಮೂಲಕ ಶಿಕ್ಷಣವನ್ನು ದೇಶದ ಮುಂದಿಟ್ಟರು. ಬಡಗಿಗಳನ್ನು ಹೆಚ್ಚಿಸುವುದು ಈ ಯತ್ನಗಳ ಗುರಿಯಾಗಿರಲಿಲ್ಲ; ಕಣ್ಣು, ಕೈ, ಬುದ್ಧಿಗಳು ಒಂದಾದ ಮನುಷ್ಯನನ್ನು ಬೆಳೆಯಿಸುವುದೇ ಗುರಿಯಾಗಿತ್ತು.

ಮಹನೀಯರೆ, ನಾವು ಹಣವನ್ನು ಬೇಡಲು ಬಂದವರಲ್ಲ. ದಳಕ್ಕೊಂದು ಬಾಚಿ, ಒಂದು ಗರಗಸ, ಎರಡು ಉಳಿ, ಒಂದು ಕೊಡತಿ, ಒಂದು ಸುರುಳಿ ಹಗ್ಗ, ವಾರಕ್ಕೊಂದು ಬೆಳಗು, ಬಡಗಿಗೊಂದು ಕುರ್ಚಿ. ಇಷ್ಟನ್ನು ಈ ವರ್ಷವೇ ಆರಂಭಿಸಿರಿ. ಮುಂದಿನ ಸಲ ದೊಡ್ಡವರು ಯಾರಾದರೂ ಬಂದಾಗ ನಮ್ಮ ಬಾಲಚರರು ಸಾಲಾಗಿ ನಿಲ್ಲುವುದಕ್ಕೆ ಬದಲಾಗಿ, ತಾವೇ ಮಾಡಿದ ಕಾಲ್ಮಣೆಯನ್ನು ತಂದಿಟ್ಟು ‘ಕುಳಿತುಕೊಳ್ಳಿರಿ’ ಎನ್ನುವಂತಾಗಲಿ.