ಕಡತವೂ ಬೆಟ್ಟದ ಕೆಲಸವೇ
(ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣ)



ಕೆಲವು ವರ್ಷಗಳ ಹಿಂದೆ ನಮ್ಮೂರಿನ ಸೊಪ್ಪಿನ ಬೆಟ್ಟದಲ್ಲಿ ಇಂಗುಗುಂಡಿ ತೋಡಲು ನೆರವು ಕೋರಿ ಸಂಸ್ಥೆಯೊಂದಕ್ಕೆ ಅರ್ಜಿ ಸಲ್ಲಿಸಿದೆವು. ಅದು ತಿರಸ್ಕೃತವಾಯಿತು. ದೋಷವಿದ್ದುದು ಯೋಜನೆಯಲ್ಲಲ್ಲ. ಸಂಘದ ಹೆಸರು ನೋಂದಣಿ ಪತ್ರದಲ್ಲಿ ಒಂದು ಬಗೆ, ಪಾಸ್‌ಬುಕ್ಕಿನಲ್ಲಿ ಇನ್ನೊಂದು ಬಗೆ ಇತ್ತು. ನಾವು ಅದನ್ನು ಗಮನಿಸಿದ್ದು ಕೊನೆಯ ದಿನದ ಸಂಜೆ. ಅಷ್ಟರಲ್ಲಿ ಬ್ಯಾಂಕು ಮುಚ್ಚಿತ್ತು. ಆ ಮಳೆಗಾಲದ ನೀರು ಇಂಗದೆ ಹಳ್ಳ ಸೇರಿತು. ಬೇಸಿಗೆಯಲ್ಲಿ ಕೆಳಕೇರಿಯ ಬಾವಿಗಳು ಎಂದಿನಂತೆ ಬತ್ತಿದವು.

ಇಂದು ನಿಯಮಗಳು ಇನ್ನೂ ಬಿಗಿಯಾಗಿವೆ. 2013ರ ಕಂಪನಿ ಕಾಯಿದೆಯಂತೆ ದೊಡ್ಡ ಕಂಪನಿಗಳು ಸರಾಸರಿ ಲಾಭದ ಶೇ. 2ರಷ್ಟನ್ನು ಸಮಾಜಕಾರ್ಯಕ್ಕೆ ವಿನಿಯೋಗಿಸಬೇಕು. ಆ ಹಣದಿಂದ ಯೋಜನೆ ನಡೆಸುವ ಸಂಘವು 2021ರ ಏಪ್ರಿಲ್‌ನಿಂದ ಸಿಎಸ್‌ಆರ್-1 ನಮೂನೆಯಲ್ಲಿ ನೋಂದಾಯಿಸಿಕೊಂಡಿರಬೇಕು. ವಿದೇಶದ ನೆರವಾದರೆ, 2020ರ ತಿದ್ದುಪಡಿಯ ಬಳಿಕ ಅದು ಮೊದಲು ನವದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಇವು ಒಂದೇ ದಿನದಲ್ಲಿ ಮುಗಿಯುವ ಕೆಲಸಗಳಲ್ಲ.

ಆದುದರಿಂದ ನಾಲ್ಕು ಮಾತು ಹೇಳುತ್ತೇನೆ. ಮೊದಲನೆಯದಾಗಿ, ಕೊನೆಯ ದಿನಾಂಕದಿಂದ ಹಿಂದಕ್ಕೆ ಎಣಿಸಿ ಒಂದು ಪಟ್ಟಿ ಮಾಡೋಣ. ನೋಂದಣಿ ಪತ್ರ, ಲೆಕ್ಕಪರಿಶೋಧನಾ ವರದಿ, ಅರಣ್ಯ ಇಲಾಖೆಯ ಒಪ್ಪಿಗೆ ಪತ್ರ, ಇವುಗಳನ್ನು ಯಾರು, ಎಂದಿಗೆ ತರಬೇಕೆಂಬುದು ಅದರಲ್ಲಿರಲಿ. ಎರಡನೆಯದಾಗಿ, ಸಲಹೆ ಎಲ್ಲರದೂ ಇರಲಿ, ಮೂಲಪ್ರತಿ ಒಬ್ಬರ ಬಳಿಯೇ ಇರಲಿ. ತಿದ್ದಿದ ಪ್ರತಿಯೊಂದು ಕರಡಿನ ಮೇಲೂ ದಿನಾಂಕ ಬರೆಯಲಿ. ಮೂರನೆಯದಾಗಿ, ಕೆಲಸದ ವಿವರಣೆಯಲ್ಲಿ 100 ಗುಂಡಿಗಳೆಂದಿದ್ದು ಖರ್ಚಿನ ಅಂದಾಜಿನಲ್ಲಿ 120 ಎಂದಿದ್ದರೆ ಓದುವವರಿಗೆ ನಮ್ಮ ಮೇಲಿನ ನಂಬಿಕೆ ಹೋಗುತ್ತದೆ. ಗುಂಡಿಗಳ ಸಂಖ್ಯೆ, ಆಳುಗಳ ದಿನ, ಕೂಲಿಯ ದರ, ಈ ಮೂರನ್ನೂ ಎರಡೂ ಕಡೆ ತಾಳೆ ನೋಡಬೇಕು. ವಿದ್ಯಾರ್ಥಿಗಳೇ, ಬೆಟ್ಟವನ್ನು ಅಳೆದು ನಕ್ಷೆ ಬರೆಯುವ ಹೊಣೆ ನಿಮ್ಮದಾಗಲಿ.

ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯವಾದುದು. ಅರ್ಜಿಯೆಂದರೆ ಊರಿನ ಹೆಸರಿನಲ್ಲಿ ಕೊಡುವ ಮಾತು. ಬರೆದವರೊಬ್ಬರಿಗೇ ಅದು ತಿಳಿದಿದ್ದರೆ, ನಾಳೆ ಹಾರೆ ಹಿಡಿಯುವವರಿಗೆ ತಾವು ಯಾವ ಮಾತಿಗೆ ಕಟ್ಟುಬಿದ್ದಿದ್ದೇವೆಂಬುದೇ ಅರಿವಾಗದು. ಆದ್ದರಿಂದ ಕಳುಹಿಸುವ ಮುನ್ನ ಅದನ್ನು ಸಭೆಯಲ್ಲಿ ಗಟ್ಟಿಯಾಗಿ ಓದಿ, ಒಪ್ಪಿಗೆ ಪಡೆದು, ನಡಾವಳಿ ಪುಸ್ತಕದಲ್ಲಿ ದಾಖಲಿಸಬೇಕು.

ಈ ಸಲ ನಮಗೆ ಇನ್ನೂ ಎರಡು ತಿಂಗಳ ಅವಕಾಶವಿದೆ. ಸಭೆ ಮುಗಿಯುವ ಮೊದಲೇ ಆ ಪಟ್ಟಿಯನ್ನು ಬರೆದು ಈ ಗೋಡೆಗೆ ಅಂಟಿಸೋಣ.