ತೊಗಲಿನ ಹದವೂ ಒಕ್ಕಲಿಗನ ಹೊಣೆಯೂ

(ಬೀದರ, ಭಾಲ್ಕಿ ಮತ್ತು ಔರಾದ ಭಾಗಗಳ ಭೂಮಾಲಿಕರಿಗೂ ಗ್ರಾಮಮುಖಂಡರಿಗೂ ಕೃಷಿ ಇನ್ಸ್‌ಪೆಕ್ಟರರು ಮಾಡಿದ ಭಾಷಣ)



ಬೀಜ, ಗೊಬ್ಬರ, ಬೆಳೆರೋಗಗಳ ವಿಷಯವನ್ನು ಕೇಳುವ ರೂಢಿಯುಳ್ಳ ತಮ್ಮ ಮುಂದೆ ತೊಗಲಿನ ಮಾತನ್ನೆತ್ತಿದರೆ ಕೆಲವರಿಗೆ ಆಶ್ಚರ್ಯವಾದೀತು. ಆದರೆ ಎತ್ತಿನ ಕೊರಳಪಟ್ಟಿ, ನೊಗದ ಜತಿಗೆ, ಬಾರುಕೋಲಿನ ಬಾರು, ಕಾಲಿನ ಚಪ್ಪಲಿ, ಕುದುರೆಯ ಜೀನು ಇವೆಲ್ಲವೂ ಒಕ್ಕಲುತನಕ್ಕೆ ಸೇರಿದವುಗಳೇ. ಪಂಪುಗಳು ಬರುವುದಕ್ಕೆ ಮುಂಚೆ ಎತ್ತುಗಳಿಂದ ಬಾವಿಯ ನೀರನ್ನೆಳೆಯುತ್ತಿದ್ದ ಕಪಿಲೆಯ ಚೀಲವೂ ತೊಗಲಿನದೇ ಆಗಿದ್ದಿತು. ಒಳ್ಳೆಯ ಚರ್ಮದ ಅರ್ಧ ಕೆಲಸವು ಹದಗಾರನ ಕೈಸೇರುವ ಮೊದಲೇ ರೈತನ ಕೊಟ್ಟಿಗೆಯಲ್ಲಿ ಆಗಿರುತ್ತದೆ, ಇಲ್ಲವೆ ಕೆಟ್ಟಿರುತ್ತದೆ. ಇದನ್ನು ಮನಗಾಣಿಸುವುದೇ ಈ ಭಾಷಣದ ಉದ್ದೇಶವು.

ತೊಗಟೆಯ ಹದ

ಹಸಿ ತೊಗಲು ನೆನೆದರೆ ಕೊಳೆಯುತ್ತದೆ. ಒಣಗಿದರೆ ಹಲಗೆಯಂತೆ ಸೆಟೆಯುತ್ತದೆ. ಕೆಲವು ಗಿಡಮರಗಳ ತೊಗಟೆ ಮತ್ತು ಕಾಯಿಗಳಲ್ಲಿರುವ ಟ್ಯಾನಿನ್ ಎಂಬ ಒಗರುಸತ್ವವು ತೊಗಲಿನ ನಾರುಗಳನ್ನು ಹಿಡಿದುಕೊಂಡಾಗ ಅದು ಕೊಳೆಯದ, ಬಾಗಿದರೂ ಮುರಿಯದ ಚರ್ಮವಾಗುತ್ತದೆ. ಕರಿಜಾಲಿಯ ತೊಗಟೆ, ತರವಾಡವೆಂದೂ ಕರೆಯುವ ತಂಗಡಿಯ ತೊಗಟೆ ಮತ್ತು ಅಳಲೆಕಾಯಿ, ಈ ಮೂರೂ ದಕ್ಖನಿನ ಹದಗಾರರು ಬಹುಕಾಲದಿಂದ ಬಲ್ಲ ವಸ್ತುಗಳು. ಕರಿಜಾಲಿಯ ತೊಗಟೆಯಲ್ಲಿ ಸಾಮಾನ್ಯವಾಗಿ ನೂರಕ್ಕೆ 12ರಿಂದ 20 ಪಾಲು ಈ ಸತ್ವವಿರುತ್ತದೆ. 19ನೆಯ ಶತಮಾನದ ಉತ್ತರಾರ್ಧದಲ್ಲಿ ಕಾನಪುರವು ಸೈನ್ಯದ ಜೀನು, ಬೂಟುಗಳಿಗೆ ಹೆಸರಾದುದಕ್ಕೆ ಆ ಸೀಮೆಯ ಜಾಲಿಯೂ ಒಂದು ಕಾರಣವು.

ತೊಗಲನ್ನು ತೊಳೆದು ಸುಣ್ಣದ ನೀರಿನಲ್ಲಿಟ್ಟು, ಕೂದಲನ್ನೂ ಮಾಂಸವನ್ನೂ ಹೆರೆದು, ಸುಣ್ಣವನ್ನು ಕಳೆದು, ಮೊದಲು ತೆಳುವಾದ ಮತ್ತು ಕ್ರಮೇಣ ಗಟ್ಟಿಯಾದ ತೊಗಟೆನೀರಿನಲ್ಲಿ ಇಡುವರು. ಒಮ್ಮೆಲೇ ಗಟ್ಟಿನೀರಿಗೆ ಹಾಕಿದರೆ ಮೇಲ್ಮೈ ಬಿಗಿದುಕೊಂಡು ಒಳಭಾಗವು ಹಸಿಯಾಗಿಯೇ ಉಳಿಯುತ್ತದೆ. ತೊಗಲನ್ನು ಚೀಲದಂತೆ ಹೊಲಿದು, ಅದರೊಳಗೆ ತೊಗಟೆಯನ್ನೂ ನೀರನ್ನೂ ತುಂಬಿ ತೂಗುಹಾಕುವ ಪದ್ಧತಿಯೂ ನಮ್ಮ ದೇಶದಲ್ಲಿ ಹಳೆಯದು. ಜೀನಿಗೆ ಬೇಕಾದ ದಪ್ಪ ಚರ್ಮಕ್ಕೆ ಹಲವು ವಾರಗಳು, ಒಮ್ಮೊಮ್ಮೆ ತಿಂಗಳುಗಳೇ ಹಿಡಿಯುತ್ತವೆ. ಕ್ರೋಮ್ ಲವಣದ ಹದವು ಕೆಲವೇ ದಿನಗಳಲ್ಲಿ ಮುಗಿಯುವುದರಿಂದ ಮಾರುಕಟ್ಟೆಯ ಹೆಚ್ಚಿನ ಪಾಲನ್ನು ಅದು ಆಕ್ರಮಿಸಿದೆ. ಆದರೂ ಕೊಟ್ಟ ಆಕಾರವನ್ನು ಹಿಡಿದು ನಿಲ್ಲಬೇಕಾದ ಜೀನು, ಪಟ್ಟಿ, ಗಟ್ಟಿ ಚೀಲಗಳಿಗೆ ತೊಗಟೆಯ ಚರ್ಮವೇ ಮೇಲು.

ಕೊಳ್ಳುವಾಗ ಅಂಚನ್ನು ಕತ್ತರಿಸಿ ನೋಡತಕ್ಕದ್ದು. ತೊಗಟೆಯ ಹದ ಪೂರ್ಣವಾಗಿದ್ದರೆ ಬಣ್ಣವು ಒಳಗಿನವರೆಗೂ ಒಂದೇ ಆಗಿರುತ್ತದೆ; ನಡುವೆ ಬಿಳಿಯ ಹಸಿಗೆರೆ ಕಂಡರೆ ಹದ ಸಾಲದು. ಕಬ್ಬಿಣದ ತುಕ್ಕು ತಗಲಿದ ಕಡೆ ಈ ಚರ್ಮವು ಕಪ್ಪಾಗುತ್ತದೆ. ಆದುದರಿಂದ ತೊಗಟೆನೀರಿಗೆ ಕಬ್ಬಿಣದ ಪಾತ್ರೆ ಸಲ್ಲದು. ಪಟ್ಟಿಗಳಿಗೆ ಹಿತ್ತಾಳೆಯ ಕೊಂಡಿಯೇ ಲೇಸು.

ದನ ಬದುಕಿರುವಾಗ

ನಮ್ಮ ಭಾಗದ ದೇವಣಿ ತಳಿಯು ಮೈಕಟ್ಟಿಗೆ ಹೆಸರಾದುದು. ಜೀನಿಗೆ ಒದಗುವುದು ಬೆನ್ನು ಮತ್ತು ಪೃಷ್ಠದ ಭಾಗವು. ಹೊಟ್ಟೆಯ ತೊಗಲು ಸಡಿಲವಾದುದು. ದುರ್ದೈವದಿಂದ ನಾವು ಬರೆ ಎಳೆಯುವುದೂ, ಮೊಳೆಯ ಕೋಲಿನಿಂದ ತಿವಿಯುವುದೂ ಈ ಬೆಲೆಯುಳ್ಳ ಭಾಗಕ್ಕೇ. ಬರೆಯಿಂದ ರೋಗ ವಾಸಿಯಾಗುವುದಿಲ್ಲ, ಗಾಯ ಮಾತ್ರ ಉಳಿಯುತ್ತದೆ. ಗುರುತಿಗಾಗಿ ಈಗ 12 ಅಂಕಿಗಳ ಕಿವಿಯ ಬಿಲ್ಲೆ ಇದೆ. ಉಣ್ಣೆಗಳನ್ನು ತೆಗೆಯದಿದ್ದರೆ ಹದವಾದ ಚರ್ಮದಲ್ಲಿ ಸಣ್ಣ ಗುಳಿಗಳು ಕಾಣುತ್ತವೆ. 2022ರಲ್ಲಿ ಹಾವಳಿಮಾಡಿದ ಚರ್ಮಗಂಟು ರೋಗವೂ ಹಾಗೆಯೇ ಕಲೆಗಳನ್ನು ಉಳಿಸುವಂಥದು. ಅದಕ್ಕೆ ಮುಂಗಡವಾಗಿ ಲಸಿಕೆ ಹಾಕಿಸತಕ್ಕದ್ದು.

ದನ ಸತ್ತಮೇಲೆ

ಮೊದಲು ರೋಗವನ್ನು ವಿಚಾರಿಸಬೇಕು. ದನವು ಹಠಾತ್ತಾಗಿ ಸತ್ತು, ಮೂಗು, ಬಾಯಿ, ಗುದದ್ವಾರಗಳಿಂದ ಹೆಪ್ಪುಗಟ್ಟದ ಕಪ್ಪು ರಕ್ತವು ಸುರಿದಿದ್ದರೆ ಅದು ನೆರಡಿ ರೋಗವಾಗಿರಬಹುದು. ಅಂಥ ಹೆಣವನ್ನು ಕೊಯ್ಯಲೇಬಾರದು, ಸುಲಿಯಲೇಬಾರದು. ಈ ರೋಗವು ಮನುಷ್ಯರಿಗೂ ತಗಲುತ್ತದೆ. ಅದರ ಬೀಜಾಣುಗಳು ಮಣ್ಣಿನಲ್ಲಿ ಅನೇಕ ವರ್ಷ ಜೀವಿಸಿರುತ್ತವೆ. ಕೂಡಲೇ ಪಶುವೈದ್ಯರಿಗೆ ತಿಳಿಸಿ, ಅವರು ಹೇಳಿದಂತೆ ಆಳವಾದ ಕುಣಿಯಲ್ಲಿ ಸುಣ್ಣ ಹಾಕಿ ಹೂಳಿಸತಕ್ಕದ್ದು. ಒಂದು ತೊಗಲಿನ ಬೆಲೆಗಾಗಿ ಸುಲಿಯುವವನ ಪ್ರಾಣವನ್ನು ಪಣವಿಡುವುದು ಘೋರ ಅಪರಾಧವೇ ಸರಿ.

ಇಂಥ ಶಂಕೆ ಇಲ್ಲದಾಗ ವಿಳಂಬ ಕೂಡದು. ಬೇಸಿಗೆಯಲ್ಲಿ ಕೆಲವೇ ತಾಸುಗಳಲ್ಲಿ ಕೊಳೆ ಆರಂಭವಾಗುತ್ತದೆ. ಹೆಣವನ್ನು ನೆಲದ ಮೇಲೆ ಎಳೆಯದೆ ಗಾಡಿಯಲ್ಲಿ ಸಾಗಿಸಬೇಕು. ಎಳೆದರೆ ಬೆನ್ನಿನ ಮೇಲ್ಪದರವು ತರಚಿಹೋಗುತ್ತದೆ. ಕೊಯ್ತವು ಗದ್ದದಿಂದ ಹೊಟ್ಟೆಯ ನಡುಗೆರೆಯ ಮೇಲೆ ನೇರವಾಗಿ ಹೋಗಲಿ. ಪಕ್ಕೆಗಳಲ್ಲಿ ಚೂರಿಗಿಂತ ಮುಷ್ಟಿಯಿಂದಲೇ ಬಿಡಿಸಲಿ. ಅನಂತರ ರಕ್ತವನ್ನು ತೊಳೆದು, ತೂಕದ ಸುಮಾರು ಮೂರರಲ್ಲೊಂದು ಪಾಲು ಉಪ್ಪನ್ನು ಮಾಂಸದ ಮಗ್ಗುಲಿಗೆ ತಿಕ್ಕಬೇಕು. ಬರಿಯ ನೆಲದ ಮೇಲೆ ಉರಿಬಿಸಿಲಿಗೆ ಹರಡಿದ ತೊಗಲು ಹೊರಗೆ ಒಣಗಿದಂತೆ ಕಂಡರೂ ಒಳಗೆ ಕೆಟ್ಟಿರುತ್ತದೆ. ಸುಣ್ಣದ ಕುಣಿಗೆ ಹಾಕಿದಾಗ ಹರಿದು ಚೂರಾಗುತ್ತದೆ. ಹದಗಾರನ ಎಷ್ಟು ಜಾಣ್ಮೆಯೂ ಅದನ್ನು ಸರಿಪಡಿಸಲಾರದು.

ಮರಗಳೂ ಮನುಷ್ಯರೂ

ನಿಂತ ಮರದ ಸುತ್ತಲಿನ ತೊಗಟೆಯನ್ನು ಪೂರಾ ಸುಲಿದರೆ ಮರವು ಸಾಯುತ್ತದೆ. ಉಪಕರಣಗಳಿಗಾಗಿ ಕಡಿದ ಜಾಲಿಯ ತೊಗಟೆಯನ್ನೇ ಉಪಯೋಗಿಸಬೇಕು. ಹಳ್ಳದ ದಂಡೆಯಲ್ಲಿ ಕರಿಜಾಲಿಯನ್ನು ಬೆಳೆಸಿದರೆ ನೇಗಿಲಿಗೆ ಕಟ್ಟಿಗೆ, ಆಡುಗಳಿಗೆ ಕಾಯಿ, ಹದಕ್ಕೆ ತೊಗಟೆ, ಮೂರೂ ದೊರೆಯುತ್ತವೆ. ಹದದ ಕುಣಿಯ ಕೊಳೆನೀರು ಮಾತ್ರ ಬಾವಿಯ ಕಡೆಗೆ ಹರಿಯದಂತೆ ನೋಡಿಕೊಳ್ಳತಕ್ಕದ್ದು.

ಗ್ರಾಮಮುಖಂಡರಿಗೆ ವಿಶೇಷವಾಗಿ ಒಂದು ಮಾತು. ಹೆಣವನ್ನು ಸಾಗಿಸುವುದೂ ಸುಲಿಯುವುದೂ ಒಂದು ಜಾತಿಯ ಕರ್ತವ್ಯವೆಂಬ ಭಾವನೆಯನ್ನು ಬಿಡಬೇಕು. ಅಸ್ಪೃಶ್ಯತೆಯ ನೆಪದಿಂದ ಯಾರನ್ನಾದರೂ ಈ ಕೆಲಸಕ್ಕೆ ಬಲಾತ್ಕರಿಸುವುದು 1955ರ ನಾಗರಿಕ ಹಕ್ಕುಗಳ ರಕ್ಷಣೆಯ ಕಾಯಿದೆಗೆ 1976ರಲ್ಲಿ ಆದ ತಿದ್ದುಪಡಿಯ ಪ್ರಕಾರ ಶಿಕ್ಷಾರ್ಹವು. ಮನಸ್ಸಿದ್ದು ಮಾಡುವವನಿಗೆ ನಗದು ಕೂಲಿಯೂ, ಉಪ್ಪೂ, ಒಳ್ಳೆಯ ಚೂರಿಯೂ, ನೆರಳಿನ ಸ್ಥಳವೂ ದೊರೆಯಬೇಕು. ಬಿಟ್ಟಿಯ ಕೈಯಿಂದ ಬಂದ ತೊಗಲಿನಲ್ಲಿ ಚೂರಿಯ ತೂತುಗಳಿದ್ದರೆ ತಪ್ಪು ಕೈಯದಲ್ಲ, ಬಿಟ್ಟಿ ಹಿಡಿದವನದು.

ಡೋಹರ ಕಕ್ಕಯ್ಯನವರೂ ಸಮಗಾರ ಹರಳಯ್ಯನವರೂ ಶರಣರ ಸಾಲಿನಲ್ಲಿ ಕುಳಿತ ಕಲ್ಯಾಣವು ನಮ್ಮ ಬೀದರ ಜಿಲ್ಲೆಯಲ್ಲಿಯೇ ಇದೆ. ಅವರ ಹೆಸರನ್ನು ಹೇಳಿ ಕೈಮುಗಿಯುವ ನಾವು ಅವರ ಕಸಬನ್ನು ಮಾಡುವವರಿಗೆ ಊರಬಾಗಿಲಲ್ಲಿ ಬೆನ್ನು ತೋರಿಸುವುದು ಸರಿಯಲ್ಲ.

ಆದುದರಿಂದ ಬರೆಯನ್ನು ಬಿಡಿರಿ, ರೋಗವನ್ನು ವಿಚಾರಿಸಿರಿ, ಉಪ್ಪನ್ನು ಮುಂಚಿತವಾಗಿ ಸಂಗ್ರಹಿಸಿರಿ, ಜಾಲಿಯನ್ನು ನೆಡಿರಿ, ಕೆಲಸಗಾರನಿಗೆ ಕೂಲಿಯನ್ನೂ ಮರ್ಯಾದೆಯನ್ನೂ ಕೊಡಿರಿ. ಇವುಗಳಲ್ಲಿ ಯಾವುದಕ್ಕೂ ಹೆಚ್ಚಿನ ಹಣ ಬೇಕಿಲ್ಲ. ಇಷ್ಟನ್ನು ಪ್ರತಿಯೊಂದು ಊರೂ ನಡೆಸಿದರೆ ತಮ್ಮ ದನದ ತೊಗಲು ತಮ್ಮ ಎತ್ತಿನ ಕೊರಳಿಗೇ ಗಟ್ಟಿಯಾದ ಪಟ್ಟಿಯಾಗಿ ಬಂದೀತೆಂದು ಅರಿಕೆಮಾಡಿಕೊಳ್ಳುತ್ತೇನೆ.