ಪದ್ಮಿನಿ ಟ್ಯಾಕ್ಸಿಗೂ ಫೆರಾರಿಗೂ ಏನು ನೆಂಟಸ್ತಿಕೆ?

ನಾನು ಟಿಟ್ವಾಳಾದವನು, ಸಾಫ್ಟ್‌ವೇರ್ ಕೆಲಸ, ದಿನಾ ಲೋಕಲ್‌ನಲ್ಲಿ ಕುರ್ಲಾ ದಾಟಿ ಹೋಗೋನು. ಆ ಕುರ್ಲಾದಲ್ಲೇ ವಾಲ್‌ಚಂದ್ ಹೀರಾಚಂದರ ಪ್ರೀಮಿಯರ್ ಆಟೊಮೊಬೈಲ್ಸ್ ಕಾರ್ಖಾನೆ ಇತ್ತು. ಮುಂಬೈಯ ಕಾಲಿ-ಪೀಲಿ ಟ್ಯಾಕ್ಸಿ, ಅಂದ್ರೆ ಪ್ರೀಮಿಯರ್ ಪದ್ಮಿನಿ, ತಯಾರಾಗ್ತಿದ್ದದ್ದು ಅಲ್ಲಿ. ಇಟಲಿಯ ಫಿಯೆಟ್ 1100ರ ಭಾರತೀಯ ರೂಪ ಅದು. ಈ ಟ್ಯಾಕ್ಸಿಗೂ ಫೆರಾರಿಗೂ ಸಂಬಂಧ ಇದೆ ಅಂದ್ರೆ ನಗಬೇಡಿ. ಹತ್ತಿರದ ನೆಂಟಸ್ತಿಕೆಯೇ ಇದೆ.

1939ರಲ್ಲಿ ಎಂಜೊ ಫೆರಾರಿ ಆಲ್ಫಾ ರೋಮಿಯೊ ಬಿಟ್ಟರು. ಬಿಡುವಾಗ ಒಂದು ಷರತ್ತು: ನಾಲ್ಕು ವರ್ಷ ತಮ್ಮ ಹೆಸರಲ್ಲಿ ರೇಸಿಗೆ ಇಳಿಯೋ ಹಾಗಿಲ್ಲ. ಕಂಪನಿ ಬಿಡುವಾಗ ನಮ್ಮ ಕೈಲಿ ಸಹಿ ಹಾಕಿಸ್ಕೊಳ್ತಾರಲ್ಲ, ಹೆಚ್ಚುಕಮ್ಮಿ ಅದೇ ಥರ. ಆ ಡಿಸೆಂಬರಿನಲ್ಲಿ, ಮುಂದಿನ ಏಪ್ರಿಲ್‌ನ ಮಿಲ್ಲೆ ಮಿಲಿಯಾ ರೇಸಿಗೆ ಎರಡು ಕಾರು ಬೇಕು ಅಂತ ಗಿರಾಕಿಗಳು ಬಂದರು. ಹೊಸ ಎಂಜಿನ್ ಪೂರ್ತಿ ಮಾಡೋಕೆ ಎಲ್ಲಿದೆ ಪುರುಸೊತ್ತು? ಅವರ ತಂಡ ಫಿಯೆಟ್ 1100ರ ಎರಡು ಸಿಲಿಂಡರ್ ಹೆಡ್ ಸಾಲಾಗಿ ಜೋಡಿಸಿ, ಕೆಳಗೆ ತಮ್ಮದೇ ಅಲ್ಯೂಮಿನಿಯಂ ಬ್ಲಾಕ್ ಕೊಟ್ಟಿತು. 8 ಸಿಲಿಂಡರ್, 1.5 ಲೀಟರ್, ಅದಕ್ಕೇ ಹೆಸರು 815. ಆ ಹೆಸರಲ್ಲಿ 'ಫೆರಾರಿ' ಅನ್ನೋ ಪದವೇ ಇಲ್ಲ! ರೇಸಿನಲ್ಲಿ ಎರಡೂ ಕಾರು ಮಧ್ಯದಲ್ಲೇ ಕೆಟ್ಟು ನಿಂತವು. ಒಂದನ್ನು ಓಡಿಸಿದ್ದು 21ರ ಹುಡುಗ ಆಲ್ಬೆರ್ಟೊ ಆಸ್ಕರಿ. ಮುಂದೆ 1952, 1953ರಲ್ಲಿ ಫೆರಾರಿ ಕಾರಿನಲ್ಲೇ ವಿಶ್ವ ಚಾಂಪಿಯನ್ ಆದ.

ಆ ಫಿಯೆಟ್ ಎಂಜಿನ್ 1089 ಸಿಸಿ. ನಮ್ಮ ಪದ್ಮಿನಿಯದ್ದೂ 1089 ಸಿಸಿ, ಅದೇ ವಂಶ. ಫಿಯೆಟ್‌ನ ಡಾಂಟೆ ಜಕೋಸಾ ಇದೇ 1100ರ ಭಾಗಗಳನ್ನಿಟ್ಟು ಚಿಸಿತಾಲಿಯಾ ಡಿ46 ಅನ್ನೋ ಪುಟ್ಟ ರೇಸ್ ಕಾರನ್ನೂ ರೂಪಿಸಿದರು. ಟ್ಯೂರಿನ್‌ನಲ್ಲಿ ಅದನ್ನು ಓಡಿಸ್ತಿದ್ದ ನುವೊಲಾರಿಯ ಸ್ಟೀರಿಂಗ್ ಚಕ್ರ ಕಿತ್ತು ಕೈಗೇ ಬಂತು. ಪುಣ್ಯಾತ್ಮ ಅದನ್ನು ಕೈಯಲ್ಲಿ ಹಿಡ್ಕೊಂಡೇ ಕಾರು ಓಡಿಸಿದ!

ಇದನ್ನೆಲ್ಲ ಯಾಕೆ ಹೇಳ್ತಿದ್ದೀನಿ? ನಮ್ಮಲ್ಲಿ ಬಹಳ ಜನ ಬೇರೆ ಯಾರೋ ಬರೆದ ಹಳೇ ಕೋಡ್ ಸಂಭಾಳಿಸೋರು. ಅಪ್ರೈಸಲ್‌ನಲ್ಲಿ "ನೀನು ಹೊಸದಾಗಿ ಮಾಡಿದ್ದೇನು?" ಅಂದಾಗ ಬಾಯಿ ಕಟ್ಟಿಹೋಗುತ್ತೆ. ಬಡ್ತಿ, ಸಂಬಳ ಎಲ್ಲಾ ಆ ಒಂದು ಉತ್ತರದ ಮೇಲೆ ನಿಂತಿರುತ್ತೆ. 815 ನೋಡಿ. ಊರೆಲ್ಲ ಓಡಿ ಪಳಗಿದ್ದ ಹೆಡ್ಡನ್ನು ಹಾಗೇ ಉಳಿಸಿಕೊಂಡರು, ಎಂಟು ಸಿಲಿಂಡರಿಗೆ ಬೇಕಾದ ಬ್ಲಾಕನ್ನು ಮಾತ್ರ ತಾವೇ ಮಾಡಿದರು. ಯಾವುದನ್ನು ಮುಟ್ಟಬಾರದು, ಯಾವುದನ್ನು ಹೊಸದಾಗಿ ಮಾಡಬೇಕು ಅನ್ನೋ ಆ ತೀರ್ಮಾನವೇ ವಿನ್ಯಾಸ. ಮುಂದಿನ ಅಪ್ರೈಸಲ್ ಫಾರಂನಲ್ಲಿ ಅದನ್ನೇ ಬರೀರಿ: ಏನನ್ನು ಉಳಿಸಿದೆ, ಯಾಕೆ, ಏನನ್ನು ಬದಲಿಸಿದೆ, ಯಾಕೆ.

ಪದ್ಮಿನಿ ಟ್ಯಾಕ್ಸಿಗಳು ಮುಂಬೈ ರಸ್ತೆಯಿಂದ ಮರೆಯಾಗಿದ್ದು 2023ರ ಅಕ್ಟೋಬರಿನಲ್ಲಿ. ಅಷ್ಟು ವರ್ಷ ಅವನ್ನು ಓಡುವಂತೆ ಇಟ್ಟ ಗ್ಯಾರೇಜಿನವರೂ ಎಂಜಿನಿಯರುಗಳೇ, ಸರ್ಟಿಫಿಕೇಟ್ ಇರಲಿಲ್ಲ ಅಷ್ಟೆ. ನಿಮ್ಮ ಮನೆಯಲ್ಲಿ ಪದ್ಮಿನಿ ಇತ್ತಾ? ಇದ್ದರೆ ಅದರ ಕಥೆ ಬರೆದು ಕಳಿಸಿ.